ಮಗನ ತಲೆಯೊಳಗಿನ ರಕ್ತನಾಳದ ಗಂಟು: ಆಪರೇಷನ್ನೋ, ಗಾಮಾ ನೈಫೋ?

ಪ್ರಶ್ನೆ: ಡಾಕ್ಟರೇ, ನನ್ನ ಮಗನಿಗೆ ಒಂಬತ್ತು ವರ್ಷ. ಎರಡು ತಿಂಗಳ ಹಿಂದೆ ಶಾಲೆಯಲ್ಲಿ ಪ್ರಾರ್ಥನೆಗೆ ನಿಂತಿದ್ದಾಗ ತಲೆ ಸಿಡಿಯುತ್ತಿದೆ ಎಂದು ಅತ್ತು, ವಾಂತಿ ಮಾಡಿ, ಫಿಟ್ಸ್ ಬಂದು ಬಿದ್ದ. ಸಿಟಿ ಸ್ಕ್ಯಾನ್ ನೋಡಿ ಮೆದುಳಿನಲ್ಲಿ ರಕ್ತಸ್ರಾವ ಆಗಿದೆ ಎಂದರು. ಈಗ ಆರಾಮಾಗಿದ್ದಾನೆ, ಎಡಗೈ ಮಾತ್ರ ಸ್ವಲ್ಪ ನಿಧಾನ. ಆಮೇಲೆ ಮಾಡಿಸಿದ ಆಂಜಿಯೋಗ್ರಾಮ್ ರಿಪೋರ್ಟಿನಲ್ಲಿ 'ಎವಿಎಂ, ಬಲಗಡೆ ಮುಂಭಾಗ, 2.5 ಸೆಂ.ಮೀ., ಮೇಲ್ಮೈ ಸಿರೆಗೆ ಹರಿವು' ಎಂದಿದೆ. ಒಬ್ಬ ಡಾಕ್ಟರು ಆಪರೇಷನ್ ಮಾಡಿಸಿ ಎನ್ನುತ್ತಾರೆ. ಇನ್ನೊಬ್ಬರು ಗಾಮಾ ನೈಫ್ ಸಾಕು ಎನ್ನುತ್ತಾರೆ. ಮೂರನೆಯವರು, ಮುಟ್ಟಲೇಬೇಡಿ, ವಿದೇಶದ ಅಧ್ಯಯನವೇ ಹಾಗೆ ಹೇಳಿದೆ ಎನ್ನುತ್ತಾರೆ. ನಮ್ಮತ್ತೆಯಂತೂ ನಾನು ಬಸುರಿಯಾಗಿದ್ದಾಗ ಗ್ರಹಣದಲ್ಲಿ ಹೊರಗೆ ಬಂದಿದ್ದಕ್ಕೇ ಹೀಗಾಯ್ತು ಅಂತಾರೆ. ಯಾರ ಮಾತು ಕೇಳಲಿ?
– ಒಬ್ಬ ತಾಯಿ, ದಾವಣಗೆರೆ ಜಿಲ್ಲೆ

ಉತ್ತರ: ಅತ್ತೆಯವರ ವಿಷಯ ಮೊದಲು ಮುಗಿಸಿಬಿಡೋಣ ತಾಯಿ. ಗ್ರಹಣಕ್ಕೂ ಇದಕ್ಕೂ ಯಾವ ಸಂಬಂಧವೂ ಇಲ್ಲ. ನೀವು ತಿಂದದ್ದು, ಓಡಾಡಿದ್ದು, ಅವನು ಮೊಬೈಲ್ ನೋಡಿದ್ದು ಯಾವುದೂ ಕಾರಣವಲ್ಲ. ಎವಿಎಂ ಎಂದರೆ ರಕ್ತನಾಳಗಳು ಸಿಕ್ಕುಬಿದ್ದ ಗಂಟು. ಇಂಥ ಬಹಳಷ್ಟು ಗಂಟುಗಳ ನಾಳಗಳಲ್ಲಿ ಕೆಆರ್‌ಎಎಸ್ ಎಂಬ ಜೀನ್ ಬದಲಾಗಿರುತ್ತದೆ ಎಂದು 2018ರಲ್ಲಿ ಗೊತ್ತಾಯಿತು. ಆ ಬದಲಾವಣೆ ಗಂಟಿನಲ್ಲಷ್ಟೇ ಇರುತ್ತದೆ, ಮೈಯಲ್ಲೆಲ್ಲ ಇರುವುದಿಲ್ಲ. ಅಂದರೆ ಅಪ್ಪ ಅಮ್ಮನಿಂದ ಬಂದದ್ದಲ್ಲ. ಅತ್ತೆಯವರಿಗೆ ಈ ಸಾಲು ಓದಿ ಹೇಳಿ.

ಇನ್ನು ಕಾಯಿಲೆ. ನಿಮ್ಮ ಕಡೆ ಭದ್ರಾ ನಾಲೆ ಇದೆಯಲ್ವಾ? ದೊಡ್ಡ ನಾಲೆಯ ನೀರು ಕವಲುಗಾಲುವೆ, ತೂಬು ಎಲ್ಲ ದಾಟಿ, ರಭಸ ಕಳೆದುಕೊಂಡು ಗದ್ದೆಗೆ ಬರುತ್ತದೆ. ಮೆದುಳಿನಲ್ಲೂ ಅಪಧಮನಿಯ ರಕ್ತ ಕೂದಲಿಗಿಂತ ಸಣ್ಣ ಲೋಮನಾಳಗಳನ್ನು ದಾಟಿ ನಿಧಾನವಾಗಿ ಸಿರೆಗೆ ಸೇರಬೇಕು. ಎವಿಎಂನಲ್ಲಿ ಆ ಸಣ್ಣ ನಾಳಗಳೇ ಇರುವುದಿಲ್ಲ. ರಕ್ತ ಪೂರ್ತಿ ಒತ್ತಡದಲ್ಲಿ ನೇರ ಸಿರೆಗೆ ನುಗ್ಗುತ್ತದೆ. ಸಿರೆಯ ಗೋಡೆ ತೆಳು, ಒಂದು ದಿನ ಒಡೆಯಬಹುದು. ಪೆಟ್ಟು ಬೀಳದೆ ಮಕ್ಕಳ ಮೆದುಳಿನೊಳಗೆ ರಕ್ತಸ್ರಾವ ಆದರೆ ನಾವು ಮೊದಲು ಹುಡುಕುವುದೇ ಇದನ್ನು.

ಮೂರನೆಯ ಡಾಕ್ಟರು ಹೇಳಿದ ಅಧ್ಯಯನ ಬಹುಶಃ 'ಅರೂಬಾ'. 2014ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬಂತು. ಗಂಟನ್ನು ಮುಟ್ಟದೆ ಮಾತ್ರೆ ಕೊಟ್ಟುಕೊಂಡು ಇದ್ದವರೇ, ಚಿಕಿತ್ಸೆ ಮಾಡಿಸಿಕೊಂಡವರಿಗಿಂತ ಚೆನ್ನಾಗಿದ್ದರು ಎಂದು ಅದು ಹೇಳಿದ್ದು ನಿಜ. ಆದರೆ ಅದರಲ್ಲಿ ಇದ್ದವರೆಲ್ಲ 18 ದಾಟಿದವರು. ಒಬ್ಬರಿಗೂ ಗಂಟು ಒಡೆದಿರಲಿಲ್ಲ. ಅವರನ್ನು ಗಮನಿಸಿದ್ದೂ ಸರಾಸರಿ ಮೂರು ವರ್ಷದೊಳಗೆ. ನಿಮ್ಮ ಮಗನಿಗೆ ಒಂಬತ್ತು, ಗಂಟು ಒಡೆದಾಗಿದೆ. ಆ ಅಧ್ಯಯನ ಇವನಿಗೆ ಅನ್ವಯಿಸುವುದಿಲ್ಲ. ಇದರಲ್ಲಿ ನನಗೆ ಅನುಮಾನವೇ ಇಲ್ಲ.

ಲೆಕ್ಕ ನೋಡಿ. ಗಂಟು ಒಡೆಯುವ ಸಾಧ್ಯತೆ ವರ್ಷಕ್ಕೆ ಸುಮಾರು 2ರಿಂದ 4 ಶೇಕಡಾ. ಒಮ್ಮೆ ಒಡೆದದ್ದಾದರೆ ಇನ್ನೂ ಜಾಸ್ತಿ, ಅದರಲ್ಲೂ ಮೊದಲ ವರ್ಷದಲ್ಲಿ. 3 ಶೇಕಡಾ ಅಂತಲೇ ಹಿಡಿಯಿರಿ, ಕೇಳಲು ಏನೂ ಅನ್ನಿಸುವುದಿಲ್ಲ. ಆದರೆ ಹತ್ತು ವರ್ಷಕ್ಕೆ ಅದು ಕಾಲು ಭಾಗದಷ್ಟಾಗುತ್ತದೆ, ಅರವತ್ತು ವರ್ಷಕ್ಕೆ 80 ಶೇಕಡಾ ದಾಟುತ್ತದೆ. ಎಪ್ಪತ್ತರ ತಾತನಿಗೆ 'ಕಾದು ನೋಡೋಣ' ಎನ್ನಬಹುದು. ಒಂಬತ್ತರ ಹುಡುಗನಿಗೆ ಮುಂದೆ ಇಡೀ ಆಯುಸ್ಸೇ ಇದೆ.

ಹಾಗಾದರೆ ಆಪರೇಷನ್ನೋ, ಗಾಮಾ ನೈಫೋ? ನಾನು ಮಕ್ಕಳ ನರರೋಗ ವೈದ್ಯೆ, ಆಪರೇಷನ್ ಮಾಡುವವಳಲ್ಲ. ಆ ಜಗಳದಲ್ಲಿ ನನಗೆ ಪಕ್ಷ ಇಲ್ಲ. 1986ರಿಂದ ಬಳಕೆಯಲ್ಲಿರುವ ಸ್ಪೆಟ್ಜ್ಲರ್-ಮಾರ್ಟಿನ್ ಅಂಕಗಳಿವೆ. ಗಂಟು 3 ಸೆಂ.ಮೀ.ಗಿಂತ ಚಿಕ್ಕದಾದರೆ 1, 6ರವರೆಗೆ 2, ಅದಕ್ಕೂ ದೊಡ್ಡದಾದರೆ 3. ಮಾತು, ಕೈಕಾಲು, ಕಣ್ಣು ನಡೆಸುವಂಥ ಮುಖ್ಯ ಜಾಗದಲ್ಲಿದ್ದರೆ ಇನ್ನೊಂದು. ರಕ್ತ ಆಳದ ಸಿರೆಗೆ ಹೋಗುತ್ತಿದ್ದರೆ ಮತ್ತೊಂದು. ಒಟ್ಟು ಕಡಿಮೆ ಇದ್ದಷ್ಟೂ ಆಪರೇಷನ್ ಸುಲಭ. ನಿಮ್ಮ ರಿಪೋರ್ಟಿನ ಪ್ರಕಾರ ಗಾತ್ರಕ್ಕೆ 1, ಸಿರೆಗೆ ಸೊನ್ನೆ. ಎಡಗೈ ನಿಧಾನ ಎಂದಿದ್ದೀರಿ. ಹಾಗಾಗಿ ಗಂಟು ಕೈ ಆಡಿಸುವ ಜಾಗದ ಪಕ್ಕದಲ್ಲೇ ಇದೆಯಾ, ಅಥವಾ ಸೋರಿದ ರಕ್ತ ಒತ್ತಿ ಹಾಗಾಗಿದೆಯಾ ಎಂದು ನೋಡಬೇಕು. ಅದಕ್ಕೆ ಫಂಕ್ಷನಲ್ ಎಂಆರ್‌ಐ ಇದೆ. ಮಷಿನ್ನಿನೊಳಗೆ ಮಲಗಿ, ಹೇಳಿದಾಗ ಎಡಗೈ ಬೆರಳು ಆಡಿಸಿದರೆ ಆ ಜಾಗ ಚಿತ್ರದಲ್ಲಿ ಮೂಡುತ್ತದೆ. ಒಂಬತ್ತರ ಮಕ್ಕಳು ಇದನ್ನು ಚೆನ್ನಾಗಿಯೇ ಮಾಡುತ್ತಾರೆ. ಮನೆಯಲ್ಲಿ ಅಲುಗಾಡದೆ ಮಲಗಿ ಅಭ್ಯಾಸ ಮಾಡಿಸಿ.

ಒಟ್ಟು 1 ಅಥವಾ 2 ಆಗುತ್ತದೆ. ಸ್ಕ್ಯಾನ್ ಚಿತ್ರಗಳನ್ನು ನಾನು ನೋಡಿಲ್ಲ. ಆದರೂ ಒಮ್ಮೆ ಒಡೆದ, ಮೇಲ್ಮೈಯಲ್ಲಿರುವ, ಇಷ್ಟು ಚಿಕ್ಕ ಗಂಟಿಗೆ ನಾನಾದರೆ ಆಪರೇಷನ್ ಕಡೆಗೇ ವಾಲುತ್ತೇನೆ. ತೆಗೆದ ದಿನವೇ ಒಡೆಯುವ ಭಯ ಹೋಗುತ್ತದೆ. ಗಾಮಾ ನೈಫ್ ಎಂದರೆ ಚಾಕು ಅಲ್ಲ. ತಲೆಗೆ ನಾಲ್ಕು ಸ್ಕ್ರೂ ಹಾಕಿ ಚೌಕಟ್ಟು ಕೂರಿಸಿ, ಇನ್ನೂರರ ಹತ್ತಿರ ಕೋಬಾಲ್ಟ್ ಕಿರಣಗಳನ್ನು ಒಂದೇ ಬಿಂದುವಿಗೆ ಬಿಡುತ್ತಾರೆ. ಒಂದೆರಡು ದಿನದಲ್ಲಿ ಮನೆ ಸೇರಬಹುದು, ಹೊಲಿಗೆ ಇಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಇದೆ. ಆದರೆ ನಾಳ ಮುಚ್ಚಿಕೊಳ್ಳಲು ಎರಡು ಮೂರು ವರ್ಷ ಬೇಕು. ಚಿಕ್ಕ ಗಂಟಿನಲ್ಲೂ ನೂರಕ್ಕೆ 70-80 ಮಾತ್ರ ಪೂರ್ತಿ ಮುಚ್ಚುತ್ತವೆ. ಅಲ್ಲಿಯವರೆಗೆ ಒಡೆಯುವ ಅಪಾಯ ಹಾಗೇ ಇರುತ್ತದೆ. ಗಂಟು ಮೆದುಳಿನ ಆಳದಲ್ಲಿದ್ದು ಚಾಕು ಹೋಗಬಾರದ ಜಾಗವಾದರೆ ಗಾಮಾ ನೈಫೇ ಸರಿ.

ಮೂರನೆಯ ದಾರಿಯೂ ಒಂದಿದೆ, ಎಂಬೊಲೈಸೇಷನ್. ತೊಡೆಯ ಸಂದಿಯಿಂದ ದಾರದಂಥ ಕೊಳವೆ ತೂರಿಸಿ, ಗಂಟಿನೊಳಗೆ ಅಂಟು ತುಂಬುತ್ತಾರೆ. ಅದರಲ್ಲಿ ಒಂದು ಬಗೆಯ ಅಂಟು ಫೆವಿಕ್ವಿಕ್ ಜಾತಿಯದೇ. ಇನ್ನೊಂದು ಓನಿಕ್ಸ್, ಕಪ್ಪಗಿರುತ್ತದೆ. ಓನಿಕ್ಸ್ ಹಾಕಿದ ಮೇಲೆ ಒಂದೆರಡು ದಿನ ಮಗುವಿನ ಬಾಯಿ, ಮೈ ಎಲ್ಲ ಬೆಳ್ಳುಳ್ಳಿ ವಾಸನೆ. ಅದನ್ನು ಕರಗಿಸುವ ದ್ರಾವಣದ ವಾಸನೆ ಅದು. ಮೊದಲೇ ಹೇಳದಿದ್ದರೆ ತಾಯಂದಿರು ವಾರ್ಡಿನಲ್ಲಿ ನರ್ಸ್‌ಗಳ ಜತೆ ಜಗಳಕ್ಕೇ ಇಳಿಯುತ್ತಾರೆ, ಊಟ ಕೊಡಬೇಡಿ ಅಂದು ನೀವೇ ಏನು ತಿನ್ನಿಸಿದ್ರಿ ಅಂತ! ಅಂಟು ಒಂದರಿಂದಲೇ ಪೂರ್ತಿ ವಾಸಿಯಾಗುವ ಮಕ್ಕಳು ಕಡಿಮೆ. ಆಪರೇಷನ್ನಿನಲ್ಲಿ ರಕ್ತ ಜಾಸ್ತಿ ಹೋಗದಿರಲಿ ಎಂದು ಮೊದಲು ಇದನ್ನು ಮಾಡುವುದೇ ಹೆಚ್ಚು.

ಈ ಮೂರನ್ನೂ ಮಾಡುವವರು ಒಂದೇ ಕಡೆ ಕೂತು ಮಾತಾಡುವ ಆಸ್ಪತ್ರೆಗೆ ಹೋಗಿ. ಒಂದೇ ವಿದ್ಯೆ ಗೊತ್ತಿದ್ದವರು ಅದನ್ನೇ ಹೇಳುತ್ತಾರೆ, ಪಾಪ, ತಪ್ಪಲ್ಲ. ಆಂಜಿಯೋಗ್ರಾಮ್‌ನ ಸಿ.ಡಿ. ತಪ್ಪದೆ ಕೊಂಡೊಯ್ಯಿರಿ. ಬರೀ ರಿಪೋರ್ಟು ಸಾಲದು. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದ ತನಕ ಇದೆ. ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಮೊದಲೇ ಬರೆಸಿಕೊಳ್ಳಿ.

ಅಲ್ಲಿಯ ತನಕ ಫಿಟ್ಸ್ ಮಾತ್ರೆ ಒಂದು ಹೊತ್ತೂ ತಪ್ಪಿಸಬೇಡಿ. ಜ್ವರಕ್ಕೆ ಪ್ಯಾರಾಸಿಟಮಾಲ್ ಕೊಡಿ, ಆಸ್ಪಿರಿನ್, ಐಬುಪ್ರೊಫೆನ್ ಬೇಡ. ಶಾಲೆಗೆ ಹೋಗಲಿ. ಕೆರೆ, ಬಾವಿ, ಮರ ಹತ್ತುವುದು ಸದ್ಯಕ್ಕೆ ಬೇಡ. ಮತ್ತೆ ಜೋರು ತಲೆನೋವು, ವಾಂತಿ, ಮಂಪರು ಬಂದರೆ ಬೆಳಗಾಗಲಿ ಎಂದು ಕಾಯಬೇಡಿ. ಆಪರೇಷನ್ ಆದ ಮೇಲೂ ಒಂದು ಆಂಜಿಯೋಗ್ರಾಮ್ ಮಾಡಿ ಗಂಟು ಪೂರ್ತಿ ಹೋಗಿದೆಯೇ ಎಂದು ನೋಡುತ್ತಾರೆ. ಮಕ್ಕಳಲ್ಲಿ ಅದು ಮತ್ತೆ ಬೆಳೆಯುವುದುಂಟು. ಆದ್ದರಿಂದ ದೊಡ್ಡವನಾಗುವ ತನಕ ಆಗಾಗ ತೋರಿಸುತ್ತಿರಬೇಕು. ಎಡಗೈಗೆ ಈಗಲೇ ಫಿಸಿಯೋಥೆರಪಿ ಶುರುಮಾಡಿ. ಚಿಕ್ಕ ಮಕ್ಕಳ ಮೆದುಳು ಕಲಿಯುವುದು ಬೇಗ.

ಪ್ರಶ್ನೆ: ತಂಗಿಗೆ ಎಂಟನೇ ತಿಂಗಳು. ಮಗುವಿನ ತಲೆಯಲ್ಲಿ 'ವೇನ್ ಆಫ್ ಗೇಲನ್' ತೊಂದರೆ ಇದೆ ಎಂದು ಸ್ಕ್ಯಾನ್‌ನಲ್ಲಿ ಬಂದಿದೆ. ಆಸೆ ಬಿಡಬೇಕಾ?
– ಒಬ್ಬ ಅಕ್ಕ, ಹಾಸನ

ಉತ್ತರ: ಈಗಲೇ ಬಿಡಬೇಡಿ. ಇದರಲ್ಲಿ ಮೆದುಳಿನ ನಡುವಿನ ಒಂದು ದೊಡ್ಡ ಸಿರೆಗೆ ಅಪಧಮನಿಯ ರಕ್ತ ನುಗ್ಗುತ್ತದೆ. ಅಷ್ಟೂ ರಕ್ತ ತಿರುಗಿ ಹೃದಯಕ್ಕೇ ಬರುವುದರಿಂದ ಹುಟ್ಟಿದ ಕೂಡಲೇ ಸೋಲುವುದು ಮಗುವಿನ ಹೃದಯ. ಹಿಂದೆ ತಲೆ ತೆರೆದು ಆಪರೇಷನ್ ಮಾಡುತ್ತಿದ್ದರು, ಫಲ ಚೆನ್ನಾಗಿರಲಿಲ್ಲ. ಪ್ಯಾರಿಸ್ ಬಳಿಯ ಬಿಸೆತ್ರ್ ಆಸ್ಪತ್ರೆಯ ಪಿಯೆರ್ ಲಾಜೊನಿಯಾಸ್ ಕೊಳವೆಯ ಮೂಲಕ ಅಂಟು ತುಂಬುವ ದಾರಿಯನ್ನು ಗಟ್ಟಿಮಾಡಿದರು. ಹೃದಯ, ಮೆದುಳು, ಉಸಿರು, ಲಿವರ್, ಕಿಡ್ನಿ ನೋಡಿ 21 ಅಂಕದ ಲೆಕ್ಕ ಹಾಕುತ್ತಾರೆ. ಅಂಕ 12 ದಾಟಿದ್ದರೆ ಔಷಧಿ ಕೊಟ್ಟು ಐದು ತಿಂಗಳ ತನಕ ಕಾಯಬಹುದು. 8ರಿಂದ 12 ಆದರೆ ತಕ್ಷಣ ಮಾಡಬೇಕು. 8ಕ್ಕಿಂತ ಕಡಿಮೆ ಇದ್ದರೆ ಡಾಕ್ಟರೇ ಕೂರಿಸಿಕೊಂಡು ನೇರವಾಗಿ ಮಾತಾಡುತ್ತಾರೆ, ಆ ಮಾತಿಗೂ ಮನಸ್ಸು ಸಿದ್ಧವಿರಲಿ. 2023ರಲ್ಲಿ ಅಮೆರಿಕದ ಬಾಸ್ಟನ್‌ನಲ್ಲಿ ಮಗು ಹೊಟ್ಟೆಯಲ್ಲಿರುವಾಗಲೇ, 34 ವಾರಕ್ಕೆ, ಇದನ್ನು ಸರಿಪಡಿಸಿದ್ದು ಸುದ್ದಿಯಾಯಿತು. ಅದು ಪ್ರಯೋಗದ ಹಂತದ್ದು, ಅದಕ್ಕಾಗಿ ಓಡಬೇಡಿ. ಹೆರಿಗೆ ಎಲ್ಲಿ ಎನ್ನುವುದನ್ನು ಈ ವಾರವೇ ತೀರ್ಮಾನಿಸಿ. ನವಜಾತ ಶಿಶುಗಳ ಐಸಿಯು, ಮಕ್ಕಳ ಹೃದಯ ತಜ್ಞರು, ಮಕ್ಕಳಿಗೆ ಎಂಬೊಲೈಸೇಷನ್ ಮಾಡುವವರು, ಮೂರೂ ಒಂದೇ ಕಟ್ಟಡದಲ್ಲಿರಬೇಕು.

ಪ್ರಶ್ನೆ: ದೊಡ್ಡ ಮಗನಿಗೆ ಎವಿಎಂ ಇದೆ. ಮಗಳಿಗೂ ಎಂಆರ್‌ಐ ಮಾಡಿಸಬೇಕಾ? ಅವಳಿಗೆ ಆಗಾಗ ಮೂಗಿನಲ್ಲಿ ರಕ್ತ ಬರುತ್ತೆ, ಅವರಪ್ಪನಿಗೂ ಹಾಗೇ, ಉಷ್ಣದ ಮೈ.
– ಓದುಗರು, ಕುಮಟಾ

ಉತ್ತರ: ಸಾಮಾನ್ಯವಾಗಿ ಬೇಡ ಎನ್ನುತ್ತಿದ್ದೆ. ನಿಮ್ಮ ಮನೆಯಲ್ಲಿ ಬೇಕು. ಅಪ್ಪ, ಮಗಳು ಇಬ್ಬರಿಗೂ ಮೂಗಿನ ರಕ್ತ, ಮಗನಿಗೆ ಎವಿಎಂ ಎಂದರೆ ಎಚ್‌ಎಚ್‌ಟಿ ಎಂಬ ವಂಶವಾಹಿ ಕಾಯಿಲೆ ಇರಬಹುದು. ಉಷ್ಣ ಅಂತ ಸುಮ್ನೆ ಬಿಡಬೇಡಿ. ತಂದೆ ತಾಯಿಯಲ್ಲಿ ಒಬ್ಬರಿಗಿದ್ದರೆ ಪ್ರತಿ ಮಗುವಿಗೂ ಅರ್ಧಕ್ಕರ್ಧ ಸಾಧ್ಯತೆ. ಅವರಪ್ಪನ ತುಟಿ, ನಾಲಿಗೆ, ಬೆರಳ ತುದಿಯಲ್ಲಿ ಕೆಂಪು ಚುಕ್ಕೆಗಳಿವೆಯಾ ನೋಡಿ. ಮೂವರನ್ನೂ ಒಟ್ಟಿಗೆ ಕರೆದುಕೊಂಡು ಹೋಗಿ. ಈ ಕಾಯಿಲೆ ಶ್ವಾಸಕೋಶದಲ್ಲೂ ಇಂಥ ಗಂಟು ಮಾಡುತ್ತದೆ, ಅದನ್ನೂ ಪರೀಕ್ಷೆ ಮಾಡಲು ಕೇಳಿ.