ಕಾರು ವಿಮೆಗೆ ಆಧಾರ್, ಪ್ಯಾನ್, ಲೈಸೆನ್ಸ್ ಯಾಕೆ ಕೇಳುತ್ತಾರೆ?

ಪ್ರಶ್ನೆ: ಹತ್ತು ವರ್ಷದಿಂದ ಒಂದೇ ಕಂಪನಿಯಲ್ಲಿ ಕಾರಿನ ಇನ್ಶೂರೆನ್ಸ್ ಕಟ್ಟುತ್ತಿದ್ದೇನೆ. ಮೊದಲೆಲ್ಲ ಆರ್‌ಸಿ, ಹಳೇ ಪಾಲಿಸಿ ತೋರಿಸಿದರೆ ಸಾಕಿತ್ತು. ಈಗ ಪ್ಯಾನ್, ಆಧಾರ್ ಕೊಡದೆ ಪಾಲಿಸಿ ಬರುವುದೇ ಇಲ್ಲ ಎನ್ನುತ್ತಾರೆ. ಇದು ಕಾನೂನೋ, ಏಜೆಂಟರ ಕಿರಿಕಿರಿಯೋ?
– ಎಂ. ಎನ್., ತಿಪಟೂರು

ಉತ್ತರ: ಕಾನೂನೇ. ಹಣದ ಅಕ್ರಮ ವರ್ಗಾವಣೆ ತಡೆಯುವ 2002ರ ಕಾಯ್ದೆ ಬ್ಯಾಂಕುಗಳ ಹಾಗೆ ವಿಮಾ ಕಂಪನಿಗಳಿಗೂ ಅನ್ವಯಿಸುತ್ತದೆ. ವಾಹನ ವಿಮೆಯಲ್ಲಿ ಮೊದಲು ಕ್ಲೇಮಿನ ಮೊತ್ತ ಒಂದು ಲಕ್ಷ ರೂಪಾಯಿ ದಾಟಿದಾಗ ಮಾತ್ರ ಗುರುತಿನ ದಾಖಲೆ ಕೇಳುತ್ತಿದ್ದರು. ವಿಮಾ ನಿಯಂತ್ರಣ ಪ್ರಾಧಿಕಾರ (ಐಆರ್‌ಡಿಎಐ) ಹೊರಡಿಸಿದ ಮಾರ್ಗಸೂಚಿಯಿಂದಾಗಿ 2023ರ ಜನವರಿ 1ರಿಂದ ಪಾಲಿಸಿ ಕೊಳ್ಳುವಾಗಲೇ ಕೆವೈಸಿ (ಗ್ರಾಹಕರ ಗುರುತು ಪರಿಶೀಲನೆ) ಕಡ್ಡಾಯವಾಯಿತು. ನಾಲ್ಕೈದು ಸಾವಿರದ ಪ್ರೀಮಿಯಂ ಕಟ್ಟಿ ಯಾರು ಕಪ್ಪುಹಣ ಬಿಳಿ ಮಾಡಿಯಾರು ಎಂದು ನೀವು ಕೇಳಬಹುದು. ದುಡ್ಡು ಕಂಪನಿಯಿಂದ ಹೊರಬರುವುದು ಕ್ಲೇಮಿನಲ್ಲಿ. ಸುಳ್ಳು ಹೆಸರಿನ ಪಾಲಿಸಿ, ಸುಳ್ಳು ಅಪಘಾತ, ಇನ್ಯಾರದೋ ಖಾತೆಗೆ ಚೆಕ್ಕು – ಇಂಥ ಮೋಸಕ್ಕೆ ತಡೆ ಹಾಕುವುದು ಉದ್ದೇಶ. ಗುರುತು ಖಚಿತವಾಗುವುದರಿಂದ ನಿಮಗೂ ಒಂದು ಲಾಭವಿದೆ. ಕ್ಲೇಮು ಮಾಡದ ವರ್ಷಗಳಿಗೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ, ಅಂದರೆ ನೋ ಕ್ಲೇಮ್ ಬೋನಸ್ (20ರಿಂದ ಶುರುವಾಗಿ 50 ಶೇಕಡಾವರೆಗೆ), ಸೇರುವುದು ನಿಮಗೆ, ಕಾರಿಗಲ್ಲ; ಅದು ನಿಮ್ಮದೇ ಎಂದು ತೋರಿಸುವುದು ಸುಲಭವಾಗುತ್ತದೆ.

ಆಧಾರೇ ಬೇಕೆಂದಿಲ್ಲ. ಪಾಸ್‌ಪೋರ್ಟ್, ಮತದಾರರ ಚೀಟಿ, ಡ್ರೈವಿಂಗ್ ಲೈಸೆನ್ಸ್, ನರೇಗಾ ಜಾಬ್ ಕಾರ್ಡ್ ಕೂಡ ಒಪ್ಪಿತ ದಾಖಲೆಗಳೇ. ಜತೆಗೆ ಪ್ಯಾನ್ ಬೇಕು, ಇಲ್ಲದವರು ಫಾರಂ 60 (ಪ್ಯಾನ್ ಇಲ್ಲವೆಂಬ ಘೋಷಣೆ) ಕೊಡಬಹುದು. ಆಧಾರ್ ಕೊಡುವುದಾದರೆ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಪ್ರತಿ ಇಳಿಸಿಕೊಂಡು ಕೊಡಿ. ಬ್ಯಾಂಕಿನಲ್ಲೋ ಮ್ಯೂಚುವಲ್ ಫಂಡ್‌ನಲ್ಲೋ ಈಗಾಗಲೇ ಕೆವೈಸಿ ಆಗಿದ್ದರೆ ನಿಮಗೆ 14 ಅಂಕಿಯ ಸಿಕೆವೈಸಿ (ಕೇಂದ್ರೀಯ ಕೆವೈಸಿ ದಾಖಲೆಯ) ಸಂಖ್ಯೆ ಇರುವ ಸಾಧ್ಯತೆ ಹೆಚ್ಚು. ಅದನ್ನು ಕೊಟ್ಟರೆ ಕಾಗದಪತ್ರದ ಗೋಜು ಬಹುಪಾಲು ತಪ್ಪುತ್ತದೆ.

ಪಾಲಿಸಿ ಮುಗಿಯುವ ದಿನ ರಾತ್ರಿ ಹನ್ನೊಂದಕ್ಕೆ ಆನ್‌ಲೈನ್‌ನಲ್ಲಿ ಕೂರಬೇಡಿ. ಕೆವೈಸಿ ಅಲ್ಲೇ ಸಿಕ್ಕಿಕೊಂಡರೆ ಮರುದಿನ ಕಾರಿಗೆ ವಿಮೆ ಇರುವುದಿಲ್ಲ. ಸಿಕ್ಕಿಬಿದ್ದರೆ ಮೊದಲ ಸಲಕ್ಕೆ ದಂಡ 2,000 ರೂಪಾಯಿ. 90 ದಿನ ದಾಟಿದರೆ ಬೋನಸ್ಸೂ ಹೋಗುತ್ತದೆ. ಎರಡು ವಾರ ಮೊದಲೇ ಶುರುಮಾಡಿ.

ಪ್ರಶ್ನೆ: ಆರ್‌ಸಿಯಲ್ಲಿ ನನ್ನ ಹೆಸರಿನ ಮುಂದೆ ಎರಡು ಇನಿಷಿಯಲ್ ಇವೆ. ಆಧಾರ್‌ನಲ್ಲಿ ಬರೀ ಹೆಸರು. ಪ್ಯಾನ್‌ನಲ್ಲಿ ಊರು, ತಂದೆ ಹೆಸರು ಎಲ್ಲ ಬಿಡಿಸಿ ಬರೆದಿದೆ. ಕೆವೈಸಿ ಪ್ರತಿಸಲ ‘ಫೇಲ್’ ಎನ್ನುತ್ತದೆ.
– ಹೆಚ್. ಆರ್., ಹಾಸನ

ಉತ್ತರ: ಇದು ನಮ್ಮ ಕಡೆಯವರಿಗೆ ಅಂಟಿಕೊಂಡ ಕಾಟ. ಪ್ಯಾನ್ ಅರ್ಜಿಯಲ್ಲಿ ಇನಿಷಿಯಲ್ ಬರೆಯಲು ಬಿಡುವುದಿಲ್ಲ, ಆದ್ದರಿಂದ ಊರು, ತಂದೆ ಹೆಸರು ಬಿಡಿಸಿಕೊಂಡು ಕೂತಿವೆ. ಕಂಪನಿಯ ಗಣಕ ಪ್ಯಾನ್ ಸಂಖ್ಯೆ, ಹುಟ್ಟಿದ ದಿನಾಂಕ ಹೊಂದಿಸಿ, ಆಮೇಲೆ ಹೆಸರಿನ ಅಕ್ಷರ ಹೋಲಿಸುತ್ತದೆ. ಹಾಗಾಗಿ ಮೊದಲು ಹುಟ್ಟಿದ ದಿನಾಂಕ ನೋಡಿ. ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆಸಿದ್ದು ಪ್ಯಾನ್‌ನಲ್ಲಿದ್ದು, ಆಧಾರ್‌ನಲ್ಲಿ ಬೇರೆ ಇದ್ದರೆ ಎಷ್ಟು ಸಲ ಒತ್ತಿದರೂ ಅಷ್ಟೇ. ದಿನಾಂಕ ಸರಿಯಿದ್ದು ಹೆಸರಿನಲ್ಲಷ್ಟೇ ವ್ಯತ್ಯಾಸವಿದ್ದರೆ, ದಾಖಲೆಯ ಚಿತ್ರ ಅಪ್‌ಲೋಡ್ ಮಾಡುವ ದಾರಿ ಹಿಡಿಯಿರಿ ಅಥವಾ ಶಾಖೆಗೇ ಹೋಗಿ. ಮನುಷ್ಯರು ನೋಡಿದರೆ ಸಾಮಾನ್ಯವಾಗಿ ಒಪ್ಪುತ್ತಾರೆ.

ಒಂದು ಎಚ್ಚರಿಕೆ: ಕೆವೈಸಿ ಪಾಸಾಗಲಿ ಎಂದು ಪಾಲಿಸಿಯಲ್ಲಿ ಪ್ಯಾನ್‌ನ ಉದ್ದ ಹೆಸರು ಹಾಕಿಸಿಕೊಂಡು ಬರಬೇಡಿ. ಪಾಲಿಸಿಯ ಹೆಸರು ಆರ್‌ಸಿಯ ಹೆಸರಿಗೆ ಹೊಂದಬೇಕು, ಇಲ್ಲವಾದರೆ ಇವತ್ತಿನ ತಲೆನೋವು ಕ್ಲೇಮಿನ ದಿನಕ್ಕೆ ವರ್ಗವಾಗುತ್ತದೆ.

ಪ್ರಶ್ನೆ: ಕಾರು ನನ್ನ ಹೆಸರಿನಲ್ಲಿದೆ, ನನಗೆ ಓಡಿಸಲು ಬರುವುದಿಲ್ಲ, ಡ್ರೈವರ್ ಇದ್ದಾರೆ. ವಿಮೆ ಮಾಡಿಸುವಾಗ ‘ನಿಮ್ಮ ಬಳಿ ಲೈಸೆನ್ಸ್ ಇದೆಯೇ’ ಎಂದು ಕೇಳುತ್ತಾರೆ. ಇಲ್ಲ ಎಂದರೆ ವಿಮೆ ಕೊಡುವುದಿಲ್ಲವೇ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಕೊಡುತ್ತಾರಮ್ಮ. ಆ ಪ್ರಶ್ನೆ ಕಾರಿನ ವಿಮೆಗೆ ಸಂಬಂಧಿಸಿದ್ದಲ್ಲ, ಪಾಲಿಸಿಯ ಜತೆ ಬರುವ ಮಾಲೀಕ-ಚಾಲಕರ ವೈಯಕ್ತಿಕ ಅಪಘಾತ ವಿಮೆಗೆ ಸಂಬಂಧಿಸಿದ್ದು. ಅದರ ಮೊತ್ತ 15 ಲಕ್ಷ ರೂಪಾಯಿ. ಮಾಲೀಕರಿಗೆ ಚಾಲ್ತಿಯಲ್ಲಿರುವ ಲೈಸೆನ್ಸ್ ಇರಬೇಕು ಎಂಬುದು ಅದರ ಷರತ್ತು. ಇಲ್ಲದಿದ್ದರೆ ‘ಇಲ್ಲ’ ಎಂದೇ ಬರೆಯಿರಿ, ಆ ಪ್ರೀಮಿಯಂ ಕಟ್ಟುವುದು ಬೇಡ. ಏಜೆಂಟರು ಕೈತಪ್ಪಿಯೋ ಆತುರದಲ್ಲೋ ‘ಇದೆ’ ಎಂದು ಗುರುತು ಹಾಕಿದರೆ ಪ್ರತಿವರ್ಷ ದುಡ್ಡು ಹೋಗುತ್ತದೆ, ಕಷ್ಟಕಾಲದಲ್ಲಿ ಬಿಡಿಗಾಸೂ ಬರುವುದಿಲ್ಲ.

ನಿಮ್ಮಂಥವರಿಗೆ ಬೇಕಾದದ್ದು ಬೇರೆ ಎರಡು. ಕಾರಿನಲ್ಲಿ ಕೂತವರಿಗೆ ಸಿಗುವ ಪ್ಯಾಸೆಂಜರ್ ಅಪಘಾತ ವಿಮೆ ಒಂದು. ಸಂಬಳದ ಡ್ರೈವರ್‌ಗೆ ಏನಾದರೂ ಆದರೆ ನಿಮ್ಮ ಮೇಲೆ ಬರುವ ಹೊಣೆಯನ್ನು ಹೊರುವ ‘ಪೇಯ್ಡ್ ಡ್ರೈವರ್’ ಕವರ್ ಇನ್ನೊಂದು. ಇದಕ್ಕೆ ತಗಲುವುದು ವರ್ಷಕ್ಕೆ 50 ರೂಪಾಯಿ ಆಸುಪಾಸು. ಕೇಳದೆ ಯಾರೂ ಹಾಕಿಕೊಡುವುದಿಲ್ಲ.

ಪ್ರಶ್ನೆ: ನಮ್ಮಣ್ಣ ನನ್ನ ಕಾರು ಓಡಿಸುವಾಗ ಡಿವೈಡರ್‌ಗೆ ಗುದ್ದಿತು. ಅವರ ಲೈಸೆನ್ಸ್ ಅವಧಿ 18 ದಿನ ಮೊದಲು ಮುಗಿದಿತ್ತು, ಗೊತ್ತೇ ಆಗಿರಲಿಲ್ಲ. ಈಗ ರಿನ್ಯೂ ಆಗಿದೆ. ನಷ್ಟ ಅಂದಾಜು ಮಾಡಲು ಬಂದ ಸರ್ವೇಯರ್ ಕ್ಲೇಮು ಬರುವುದಿಲ್ಲ ಎನ್ನುತ್ತಾರೆ. ಒಂದು ತಿಂಗಳ ರಿಯಾಯಿತಿ ಇದೆಯಲ್ಲವೇ?
– ಕೆ. ಪಿ., ಹುಬ್ಬಳ್ಳಿ

ಉತ್ತರ: ಇತ್ತು, ಈಗಿಲ್ಲ. ಮೋಟಾರು ವಾಹನ ಕಾಯ್ದೆಯ 14ನೇ ಕಲಮಿನಲ್ಲಿದ್ದ 30 ದಿನಗಳ ಸವಲತ್ತನ್ನು 2019ರ ತಿದ್ದುಪಡಿ ತೆಗೆದುಹಾಕಿತು. ಅವಧಿ ಮುಗಿದ ಒಂದು ವರ್ಷದೊಳಗೆ ಮತ್ತೆ ಟೆಸ್ಟ್ ಕೊಡದೆ ನವೀಕರಿಸಬಹುದು ಎಂಬುದನ್ನೇ ಜನ ‘ಒಂದು ವರ್ಷ ಓಡಿಸಬಹುದು’ ಎಂದು ತಿಳಿಯುತ್ತಾರೆ. ಅರ್ಜಿ ಹಾಕಲು ಇರುವ ಕಾಲ ಬೇರೆ, ಓಡಿಸಲು ಇರುವ ಹಕ್ಕು ಬೇರೆ. ಅವಧಿ ಮುಗಿದ ಮೇಲೆ ನವೀಕರಿಸಿದರೆ ಹೊಸ ಅವಧಿ ನವೀಕರಣದ ದಿನದಿಂದ ಲೆಕ್ಕ. ನಡುವಿನ ದಿನಗಳು ಖಾಲಿಯೇ. ಪಾಲಿಸಿಯ ಚಾಲಕರ ಷರತ್ತು ನೋಡುವುದು ಅಪಘಾತದ ಗಳಿಗೆಯಲ್ಲಿ ಲೈಸೆನ್ಸ್ ಚಾಲ್ತಿಯಲ್ಲಿತ್ತೇ ಎಂಬುದನ್ನು. ನಿಮ್ಮ ಕಾರಿನ ರಿಪೇರಿ ವಿಷಯದಲ್ಲಿ ಸರ್ವೇಯರ್ ಮಾತೇ ಸರಿ.

ಯಾರಿಗಾದರೂ ಪೆಟ್ಟಾಗಿದ್ದಿದ್ದರೆ ಲೆಕ್ಕ ಬೇರೆಯಾಗುತ್ತಿತ್ತು. ಸ್ವರಣ್ ಸಿಂಗ್ ಪ್ರಕರಣದಲ್ಲಿ (2004) ಸುಪ್ರೀಂ ಕೋರ್ಟ್, ಲೈಸೆನ್ಸ್ ದೋಷವೊಂದನ್ನೇ ಹಿಡಿದು ಕಂಪನಿ ಗಾಯಾಳುವಿನ ಪರಿಹಾರದಿಂದ ಜಾರಿಕೊಳ್ಳುವಂತಿಲ್ಲ, ಮಾಲೀಕರು ಎಚ್ಚರ ತಪ್ಪಿದ್ದನ್ನೂ ರುಜುವಾತು ಮಾಡಬೇಕು ಎಂದಿದೆ. ಎಷ್ಟೋ ಸಲ ಕಂಪನಿ ಮೊದಲು ಕೊಟ್ಟು ಆಮೇಲೆ ಮಾಲೀಕರಿಂದ ವಸೂಲಿ ಮಾಡಲು ನ್ಯಾಯಮಂಡಳಿ ಅನುಮತಿ ಕೊಡುತ್ತದೆ. ಗಾಯಾಳುವಿಗೆ ಪರಿಹಾರ ಸಿಗುತ್ತದೆ, ಮನೆ ಮಾರುವ ಸ್ಥಿತಿ ಮಾಲೀಕರಿಗೆ ಬರಬಹುದು. ಕಾರಿನ ಕೀಲಿ ಯಾರ ಕೈಗೆ ಕೊಟ್ಟರೂ, ಅಣ್ಣನೇ ಆಗಲಿ, ಲೈಸೆನ್ಸ್ ನೋಡಿ ಕೊಡಿ.

ಗ್ಯಾರೇಜಿನವರು ‘ನೀವೇ ಓಡಿಸುತ್ತಿದ್ದಿರಿ ಎಂದು ಕ್ಲೇಮ್ ಫಾರಂ ತುಂಬಿ’ ಎಂದರೆ ಕೇಳಬೇಡಿ. ಆಸ್ಪತ್ರೆಯ ದಾಖಲೆ, ಸಿಸಿಟಿವಿ, ಪೊಲೀಸ್ ಹೇಳಿಕೆ ಯಾವುದರಲ್ಲಾದರೂ ಅಣ್ಣನ ಹೆಸರು ಬಂದರೆ ಅದು ವಂಚನೆಯಾಗುತ್ತದೆ.

ಎಲ್‌ಎಲ್ (ಕಲಿಕಾ ಲೈಸೆನ್ಸ್) ಇಟ್ಟುಕೊಂಡು ಕಲಿಯುವವರು ಓಡಿಸುತ್ತಿದ್ದರೆ ಕ್ಲೇಮು ಸಿಗುತ್ತದೆ, ಆದರೆ ಮುಂದಿನ ಸೀಟಿನಲ್ಲಿ ಲೈಸೆನ್ಸ್ ಉಳ್ಳವರು ಕೂತಿರಬೇಕು, ಹಿಂದೆ ಮುಂದೆ ಕೆಂಪು ‘ಎಲ್’ ಇರಬೇಕು.

ಪ್ರಶ್ನೆ: ತಂದೆಯವರು ತೀರಿಕೊಂಡು ಎರಡು ತಿಂಗಳಾಯಿತು. ಕಾರು ಅವರ ಹೆಸರಿನಲ್ಲೇ ಇದೆ. ಅವರ ಹೆಸರಿನಲ್ಲೇ ವಿಮೆ ಮುಂದುವರಿಸಲೇ?
– ಎಸ್., ಪುತ್ತೂರು

ಉತ್ತರ: ಬೇಡ. ಇಲ್ಲದವರ ಕೆವೈಸಿ ಕೊಟ್ಟು ಮಾಡಿಸಿದ ಪಾಲಿಸಿ ಕ್ಲೇಮಿನಲ್ಲಿ ನಿಲ್ಲುವುದಿಲ್ಲ. ಇರುವ ಪಾಲಿಸಿ ಸಾವಿನ ದಿನದಿಂದ ಮೂರು ತಿಂಗಳು ಅಥವಾ ಅದರ ಅವಧಿ ಮುಗಿಯುವವರೆಗೆ, ಯಾವುದು ಮೊದಲೋ ಅಲ್ಲಿಯವರೆಗೆ, ನಡೆಯುತ್ತದೆ. ನಿಮಗೆ ಉಳಿದಿರುವುದು ಒಂದು ತಿಂಗಳು. ಸಾವಿನ ವಿಷಯವನ್ನು 30 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕಿತ್ತು; ತಿಳಿಸಿಲ್ಲದಿದ್ದರೆ ನಾಳೆಯೇ ತಿಳಿಸಿ. ಮೂರು ತಿಂಗಳೊಳಗೆ ಫಾರಂ 31ರಲ್ಲಿ ವರ್ಗಾವಣೆಗೆ ಅರ್ಜಿ ಹಾಕಿ. ಮರಣ ಪ್ರಮಾಣಪತ್ರ, ವಾರಸುದಾರರ ದಾಖಲೆ, ಉಳಿದ ವಾರಸುದಾರರ ಒಪ್ಪಿಗೆ ಜೋಡಿಸಿಕೊಳ್ಳಿ. ತಂದೆಯವರ ಬೋನಸ್ ಸಾಮಾನ್ಯವಾಗಿ ಹೆಂಡತಿ, ಮಕ್ಕಳು, ತಂದೆ-ತಾಯಿಗೆ ದಾಟಿ ಬರುತ್ತದೆ. ಲಿಖಿತವಾಗಿ ಕೇಳಿ ಪಡೆಯಿರಿ.

ಪ್ರಶ್ನೆ: ಕ್ಲೇಮು ಹಾಕಿ ಒಂದೂವರೆ ತಿಂಗಳಾಯಿತು. ಒಂದು ಕೊಟ್ಟರೆ ಇನ್ನೊಂದು ದಾಖಲೆ ಕೇಳುತ್ತಾರೆ.
– ಜಿ. ಬಿ., ಕಲಬುರಗಿ

ಉತ್ತರ: ಐಆರ್‌ಡಿಎಐನ 2024ರ ಜೂನ್ ಸುತ್ತೋಲೆಯ ಪ್ರಕಾರ ದಾಖಲೆ ಇಲ್ಲವೆಂಬ ಕಾರಣಕ್ಕೆ ಕ್ಲೇಮು ತಿರಸ್ಕರಿಸುವಂತಿಲ್ಲ. ಕ್ಲೇಮಿಗೆ ನೇರ ಸಂಬಂಧವಿರುವುದನ್ನಷ್ಟೇ ಕೇಳಬೇಕು: ಕ್ಲೇಮ್ ಫಾರಂ, ಓಡಿಸುತ್ತಿದ್ದವರ ಲೈಸೆನ್ಸ್, ಅಗತ್ಯವಿದ್ದರೆ ಎಫ್‌ಐಆರ್, ಕ್ಯಾಶ್‌ಲೆಸ್ ಅಲ್ಲದಿದ್ದರೆ ಬಿಲ್ಲು, ರಸೀದಿ. ‘ಬಾಕಿ ಇರುವ ದಾಖಲೆಗಳ ಪೂರ್ತಿ ಪಟ್ಟಿಯನ್ನು ಒಂದೇ ಸಲ ಕೊಡಿ’ ಎಂದು ಇಮೇಲ್ ಮಾಡಿ. ಫೋನಿನ ಮಾತಿಗೆ ಸಾಕ್ಷಿ ಇರುವುದಿಲ್ಲ. ಓಡಿಸುತ್ತಿದ್ದವರ ಲೈಸೆನ್ಸ್ ಹಳೇ ಪುಸ್ತಕದ್ದಾಗಿದ್ದು, ಲೈಸೆನ್ಸ್‌ಗಳ ಸರ್ಕಾರಿ ಜಾಲತಾಣ ‘ಸಾರಥಿ’ಯಲ್ಲಿ ಸಿಗದಿದ್ದರೆ ಅದೇ ತಡೆಯಾಗಿರಬಹುದು. ಲೈಸೆನ್ಸ್ ಕೊಟ್ಟ ಆರ್‌ಟಿಒದಲ್ಲಿ ಬ್ಯಾಕ್‌ಲಾಗ್ ಎಂಟ್ರಿ (ಹಳೇ ಲೈಸೆನ್ಸನ್ನು ಗಣಕಕ್ಕೆ ಸೇರಿಸುವುದು) ಮಾಡಿಸಿ.

ಕಂಪನಿಯ ಕುಂದುಕೊರತೆ ಅಧಿಕಾರಿಗೆ ಲಿಖಿತ ದೂರು ಕೊಟ್ಟು 30 ದಿನ ಕಾದರೂ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಬೆಂಗಳೂರು ಜೆ.ಪಿ. ನಗರದ ವಿಮಾ ಒಂಬುಡ್ಸ್‌ಮನ್ (ವಿಮಾ ದೂರುಗಳನ್ನು ತೀರ್ಮಾನಿಸುವ ಅಧಿಕಾರಿ) ಕಚೇರಿಗೆ ಒಂದು ವರ್ಷದೊಳಗೆ ಹೋಗಿ. ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ, ಅರ್ಜಿಯನ್ನು ಆನ್‌ಲೈನ್‌ನಲ್ಲೂ ಹಾಕಬಹುದು.