ವಾಲದ ದೋಣಿ ಮಗುಚುವುದಿಲ್ಲವೇ?

ಪ್ರಶ್ನೆ: ನಾವು ಬ್ರಿಸ್ಬೇನ್‌ನಲ್ಲಿದ್ದೇವೆ. ಊರಿಂದ ಅಪ್ಪ, ಅಮ್ಮ ಬರುತ್ತಿದ್ದಾರೆ. ವಿಟ್‌ಸಂಡೇ ದ್ವೀಪಗಳಲ್ಲಿ ಐದು ದಿನ ಹಾಯಿದೋಣಿ ಬಾಡಿಗೆಗೆ ಪಡೆಯುವ ಆಸೆ. ನಾನು ಕಲಿತದ್ದೆಲ್ಲ ಮೊನೊಹಲ್‌ನಲ್ಲಿ, ಅಂದರೆ ಒಂದೇ ಒಡಲಿನ ದೋಣಿಯಲ್ಲಿ. ಎರಡು ಒಡಲಿನ ಕ್ಯಾಟಮರಾನ್ ವಾಲುವುದೇ ಇಲ್ಲ, ಅದೇ ಸೇಫ್ ಎನ್ನುತ್ತಾಳೆ ಹೆಂಡತಿ. ಅದು ಮಗುಚಿದರೆ ಮತ್ತೆ ಏಳುವುದಿಲ್ಲ ಎನ್ನುತ್ತಾನೆ ಗೆಳೆಯ. ಯಾರ ಮಾತು ಸರಿ?

ಉತ್ತರ: ಇಬ್ಬರದ್ದೂ. ಆದರೆ ಇಬ್ಬರೂ ಬೇರೆ ಬೇರೆ ವಿಷಯ ಹೇಳುತ್ತಿದ್ದಾರೆ.

ಓಡುವ ಬಸ್ಸಲ್ಲಿ ನಾವು ಕಾಲು ಅಗಲಿಸಿ ನಿಲ್ಲುತ್ತೇವಲ್ಲ, ಕ್ಯಾಟಮರಾನ್ ನಿಲ್ಲುವುದೂ ಹಾಗೆಯೇ. ಲಗೂನ್ 42 ಎಂಬ ಮಾದರಿ ನೋಡಿ: ಉದ್ದ 12.8 ಮೀಟರ್, ಅಗಲ 7.7 ಮೀಟರ್. ಅಷ್ಟೇ ಉದ್ದದ ಮೊನೊಹಲ್ ಸುಮಾರು 4 ಮೀಟರ್ ಅಗಲ ಇರುತ್ತದೆ, ಅಷ್ಟೇ. ಅದನ್ನು ಕಾಯುವುದು ಅಡಿಯಲ್ಲಿರುವ ಸೀಸದ ಇಲ್ಲವೇ ಕಬ್ಬಿಣದ ಕೀಲ್. ತಳದಲ್ಲಿ ಭಾರ ತುಂಬಿದ ಬೊಂಬೆಯನ್ನು ಎಷ್ಟು ಸಲ ಬೀಳಿಸಿದರೂ ಎದ್ದು ನಿಲ್ಲುತ್ತಲ್ಲ, ಹಾಗೆ. ಒಬ್ಬರೇ ಹಾಯಿದೋಣಿಯಲ್ಲಿ ಜಗತ್ತು ಸುತ್ತುವ 2018ರ ಗೋಲ್ಡನ್ ಗ್ಲೋಬ್ ರೇಸ್‌ನಲ್ಲಿ ನಮ್ಮ ನೌಕಾಪಡೆಯ ಅಭಿಲಾಷ್ ಟೋಮಿ ಅವರ ಮೊನೊಹಲ್ ದೋಣಿ ಹಿಂದೂ ಮಹಾಸಾಗರದಲ್ಲಿ ಪೂರ್ತಿ ಉರುಳಿತು. ಕಂಬ ಮುರಿಯಿತು, ಅವರ ಬೆನ್ನಿಗೆ ಪೆಟ್ಟಾಯಿತು. ಆದರೆ ದೋಣಿ ಎದ್ದು ನಿಂತಿತು. ಕ್ಯಾಟಮರಾನ್ ಆಗಿದ್ದರೆ ಏಳುತ್ತಿರಲಿಲ್ಲ. ತಲೆಕೆಳಗಾದರೂ ಅದು ಅಷ್ಟೇ ಗಟ್ಟಿಯಾಗಿ ಕೂರುತ್ತದೆ! ಸೀಸದ ಭಾರ ಇಲ್ಲದ್ದರಿಂದ ಸಾಮಾನ್ಯವಾಗಿ ತೇಲುತ್ತಲೇ ಇರುತ್ತದೆ, ಅದೊಂದು ಸಮಾಧಾನ.

ನಿಮಗೆ ಇದಕ್ಕಿಂತ ಮುಖ್ಯವಾದ ಮಾತು ಬೇರೆ ಇದೆ. ಗಾಳಿ ಜಾಸ್ತಿಯಾದರೆ ಮೊನೊಹಲ್ ವಾಲುತ್ತದೆ, ಹಾಯಿಯೂ ಜೊತೆಗೆ ವಾಲಿ ಗಾಳಿ ಜಾರಿಹೋಗುತ್ತದೆ. ಹಾಯಿ ಕುಗ್ಗಿಸು ಎಂದು ದೋಣಿಯೇ ನಿಮ್ಮ ಕಾಲಿಗೆ ಹೇಳುತ್ತದೆ. ಕ್ಯಾಟಮರಾನ್ ಮಾತಾಡುವುದಿಲ್ಲ. ಒಂದು ಒಡಲು ನೀರು ಬಿಟ್ಟು ಎದ್ದ ಕ್ಷಣವೇ ಅದರ ತಡೆಯುವ ಶಕ್ತಿಯ ತುತ್ತತುದಿ, ಆಮೇಲೆ ಇಳಿಮುಖ. ಹಾಗಾಗಿ ನಿಮ್ಮ ಕಾಲನ್ನು ನಂಬಬೇಡಿ, ಗಾಳಿಯ ಮೀಟರ್ ನೋಡಿ. ಎಷ್ಟು ನಾಟ್ (ಗಾಳಿಯ ವೇಗದ ಅಳತೆ) ಗಾಳಿಗೆ ಎಷ್ಟು ಹಾಯಿ ಎಂಬ ಪಟ್ಟಿ ದೋಣಿಯ ಕೈಪಿಡಿಯಲ್ಲಿರುತ್ತದೆ. ಅದನ್ನು ಸ್ಟಿಯರಿಂಗ್ ಪಕ್ಕ ಅಂಟಿಸಿಕೊಳ್ಳಿ. ಲೆಕ್ಕ ಹಾಕುವುದು ಸರಾಸರಿ ಗಾಳಿಗಲ್ಲ, ಬೀಸಿ ಬರುವ ಜೋರು ಗಾಳಿಗೆ. ಮೊನೊಹಲ್‌ನಲ್ಲಿ ಕಲಿತವರು ಎಡವುವುದು ಇಲ್ಲೇ.

ಇಷ್ಟು ಹೇಳಿಯೂ, ನಿಮ್ಮ ಪ್ರವಾಸಕ್ಕೆ ನನ್ನ ಓಟು ಕ್ಯಾಟಮರಾನ್‌ಗೇ. ದ್ವೀಪಗಳ ಮರೆಯಲ್ಲಿ, ಅಳತೆ ಮೀರದ ಹಾಯಿಯಲ್ಲಿ ಆ ಗಾತ್ರದ ದೋಣಿ ಮಗುಚುವುದು ಬಹಳ ಅಪರೂಪ. ಮೊನೊಹಲ್‌ನಲ್ಲಿ ಒಲೆಯನ್ನು ತೊಟ್ಟಿಲಿನ ಹಾಗೆ ತೂಗುಹಾಕಿರುತ್ತಾರೆ, ಇಲ್ಲವಾದರೆ ಸಾರೆಲ್ಲ ನೆಲದ ಪಾಲು. ಕ್ಯಾಟಮರಾನ್‌ನಲ್ಲಿ ಒಲೆ ಮನೆಯಲ್ಲಿರುವಂತೆ ಕಟ್ಟೆಗೆ ಕೂತಿರುತ್ತದೆ. ಅಮ್ಮ ನಿಂತು ಒಗ್ಗರಣೆ ಹಾಕಬಹುದು. ಆಳ ಕಡಿಮೆ ಬೇಕಾದ್ದರಿಂದ ತೀರದ ಹತ್ತಿರವೇ ಲಂಗರು ಹಾಕಬಹುದು, ಹವಳದ ಮೇಲಲ್ಲ, ಮರಳು ಕಂಡಲ್ಲಿ.

ಒಂದನ್ನು ಮಾತ್ರ ಅಪ್ಪ, ಅಮ್ಮನಿಗೆ ಮೊದಲೇ ಹೇಳಿಡಿ. ಎದುರು ಅಲೆಗೆ ಹೋಗುವಾಗ ಎರಡು ಒಡಲಿನ ನಡುವಿನ ಅಟ್ಟಕ್ಕೆ ಕೆಳಗಿಂದ ನೀರು ಧಬ್ ಎಂದು ಬಡಿಯುತ್ತದೆ. ಮೇಜಿನ ಮೇಲಿನ ಲೋಟ ಹಾರುತ್ತದೆ, ದೋಣಿ ಒಡೆದೇಹೋಯಿತು ಅನ್ನಿಸುತ್ತದೆ. ಒಡೆದಿರುವುದಿಲ್ಲ. ದಿಕ್ಕು ಸ್ವಲ್ಪ ತಿರುಗಿಸಿ, ವೇಗ ಇಳಿಸಿ, ಸದ್ದು ಕಡಿಮೆಯಾಗುತ್ತದೆ.