ಬಳ್ಳಾರಿಯ ಬೇಸಿಗೆಗೆ ಬಾಲ್ ಪೈಥಾನ್ ಪೆಟ್ಟಿಗೆ: ಗಾಜೋ, ಪ್ಲೈವುಡ್ಡೋ, ಪಿವಿಸಿಯೋ?

ಬಳ್ಳಾರಿಯ ಮನೆಗೆ ಬಾಲ್ ಪೈಥಾನ್ ಎಂಬ ಆಫ್ರಿಕಾದ ಹೆಬ್ಬಾವನ್ನು ತರಲಿದ್ದೀರಿ, ಅದರ ಪೆಟ್ಟಿಗೆಯನ್ನು ಗಾಜಿನಲ್ಲಿ ಮಾಡಿಸಬೇಕೋ, ಪ್ಲೈವುಡ್ಡಿನಲ್ಲೋ, ಪಿವಿಸಿ ಹಾಳೆಯಲ್ಲೋ ಎಂದು ಕೇಳಿದ್ದೀರಿ. ನಾನು ರಾಯಚೂರಿನವನು. ಇದೇ ಜಾತಿಯ ಒಂದು ಹಾವನ್ನು ಈ ಮೂರೂ ಬಗೆಯ ಪೆಟ್ಟಿಗೆಗಳಲ್ಲಿ ಇಟ್ಟು ನೋಡಿದ್ದೇನೆ. ನಮ್ಮ ಭಾಗದ ಹವೆಗೆ ಹೊಂದುವುದು ಪಿವಿಸಿ ಫೋಮ್ ಬೋರ್ಡಿನ ಪೆಟ್ಟಿಗೆ. ಮುಂಭಾಗಕ್ಕೆ ಮಾತ್ರ ಗಾಜು ಇರಲಿ.

ಪೆಟ್ಟಿಗೆಗಿಂತ ಮೊದಲು ಒಂದು ಮಾತು. ಬಾಲ್ ಪೈಥಾನ್ ವನ್ಯಜೀವಿ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದದ (ಸೈಟಿಸ್) ಪಟ್ಟಿಯಲ್ಲಿರುವ ಹೊರದೇಶದ ಜಾತಿಯಾದ್ದರಿಂದ, 2022ರಲ್ಲಿ ತಿದ್ದುಪಡಿಯಾದ ವನ್ಯಜೀವಿ ಸಂರಕ್ಷಣಾ ಕಾಯ್ದೆ ಮತ್ತು 2024ರ ನಿಯಮಗಳ ಪ್ರಕಾರ ಅದನ್ನು ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಲೇಬೇಕು. ನಮ್ಮ ಹೊಲಗಳಲ್ಲಿ ಸಿಗುವ ಮಣ್ಣುಮುಕ್ಕ, ಕೇರೆಹಾವು, ಹೆಬ್ಬಾವುಗಳನ್ನು ಎಂಥ ಪೆಟ್ಟಿಗೆಯಲ್ಲಿಯೂ ಸಾಕುವಂತಿಲ್ಲ, ಅದು ಅಪರಾಧ.

ಹಾವು ಸಾಕುವವರಿಗೆಂದು ಬರೆದ ಬಹುತೇಕ ಕೈಪಿಡಿಗಳು ಚಳಿ ದೇಶಗಳಲ್ಲಿ ಹುಟ್ಟಿದವು. ಪೆಟ್ಟಿಗೆಯೊಳಗೆ ಬಿಸಿಯನ್ನು ಹಿಡಿದಿಡುವುದು ಹೇಗೆ ಎಂಬುದೇ ಅವುಗಳ ಚಿಂತೆ. ಏಪ್ರಿಲ್, ಮೇ ತಿಂಗಳುಗಳಲ್ಲಿ ಉಷ್ಣಾಂಶ 40 ಡಿಗ್ರಿ ದಾಟುವ ಬಳ್ಳಾರಿ, ರಾಯಚೂರುಗಳಲ್ಲಿ ನಮ್ಮ ಚಿಂತೆ ಬೇರೆ: ಹೊರಗಿನ ಬಿಸಿ ಒಳಗೆ ಬರಬಾರದು, ಒಳಗಿನ ತೇವ ಹೊರಗೆ ಹೋಗಬಾರದು. ಆಫ್ರಿಕಾದ ಹಾವಿಗೆ ಬಿಸಿಲೇನು ಹೊಸದೇ ಎಂದು ಕೆಲವರು ನನ್ನನ್ನು ಕೇಳಿದ್ದುಂಟು. ಪಶ್ಚಿಮ ಮತ್ತು ಮಧ್ಯ ಆಫ್ರಿಕಾದ ಆ ಹುಲ್ಲುಗಾವಲುಗಳಲ್ಲಿ ಬಾಲ್ ಪೈಥಾನ್ ಹಗಲು ಹೊತ್ತನ್ನು ಇಲಿಗಳ ಬಿಲದಲ್ಲಿ, ಗೆದ್ದಲಿನ ಹುತ್ತದಲ್ಲಿ ಕಳೆಯುತ್ತದೆ; ಹೊತ್ತು ಮುಳುಗಿದ ಮೇಲೆ ಹೊರಬರುತ್ತದೆ. ಹುತ್ತದ ಗೋಡೆ ದಪ್ಪ, ಒಳಗೆ ಕತ್ತಲು ಮತ್ತು ತೇವ. ನಾವು ಮಾಡಿಸುವ ಪೆಟ್ಟಿಗೆಗೂ ಇದೇ ಗುಣಗಳಿರಬೇಕು. ಅಂಕಿಗಳಲ್ಲಿ ಹೇಳುವುದಾದರೆ, ಬೆಚ್ಚಗಿನ ಬದಿಯಲ್ಲಿ 31ರಿಂದ 33 ಡಿಗ್ರಿ, ತಂಪು ಬದಿಯಲ್ಲಿ 25ರಿಂದ 27 ಡಿಗ್ರಿ, ತೇವಾಂಶ ಶೇ. 55ರಿಂದ 65.

ನನ್ನ ಮೊದಲ ಪೆಟ್ಟಿಗೆ ಮೇಲ್ಭಾಗಕ್ಕೆ ತಂತಿ ಜಾಲರಿ ಹಾಕಿದ ಗಾಜಿನ ಮೀನುತೊಟ್ಟಿಯಾಗಿತ್ತು. ಮಾರ್ಚ್ ತಿಂಗಳಲ್ಲಿ ಬೆಳಿಗ್ಗೆ ಚಿಮುಕಿಸಿದ ನೀರು ಮಧ್ಯಾಹ್ನದೊಳಗೆ ಜಾಲರಿಯ ಮೂಲಕ ಆರಿಹೋಗುತ್ತಿತ್ತು, ತೇವಮಾಪಕದ ಮುಳ್ಳು 30ರ ಕೆಳಗೆ ಇಳಿಯುತ್ತಿತ್ತು. ಆ ಸಲ ಹಾವು ಪೊರೆ ಬಿಟ್ಟಾಗ ಅದು ಕಾಲುಚೀಲ ಕಳಚಿದಂತೆ ಇಡಿಯಾಗಿ ಬರಲಿಲ್ಲ; ಈರುಳ್ಳಿ ಸಿಪ್ಪೆಯಂತೆ ತುಂಡುತುಂಡಾಗಿ ಉದುರಿತು. ಬಾಲದ ತುದಿಯಲ್ಲಿ ಒಣಪೊರೆಯೊಂದು ಉಂಗುರದಂತೆ ಬಿಗಿದು ಉಳಿದಿತ್ತು. ಅಂಥ ಉಂಗುರ ಹಾಗೆಯೇ ಉಳಿದರೆ ರಕ್ತಸಂಚಾರ ನಿಂತು ಬಾಲದ ತುದಿ ಸತ್ತುಹೋಗುತ್ತದೆ. ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿದ ಬಟ್ಟೆಯನ್ನು ಸುತ್ತಿ, ಅರ್ಧ ಗಂಟೆ ಕಾದು, ಅದನ್ನು ಮೆಲ್ಲಗೆ ಜಾರಿಸಿದಾಗ ನನ್ನ ಕೈ ನಡುಗುತ್ತಿದ್ದುದು ಈಗಲೂ ನೆನಪಿದೆ. ಗಾಜಿಗೆ ಬೇರೆ ತೊಡಕುಗಳೂ ಇವೆ. ಅದು ಬಿಸಿಯನ್ನು ಬಹುಬೇಗ ದಾಟಿಸುತ್ತದೆ. ನಾಲ್ಕೂ ಕಡೆ ತೆರೆದು ಕಾಣುವುದರಿಂದ ಬಿಲವಾಸಿ ಹಾವಿಗೆ ನೆಮ್ಮದಿಯಿರುವುದಿಲ್ಲ. 5 ಮಿ.ಮೀ. ಗಾಜು ಚದರ ಮೀಟರಿಗೆ ಹನ್ನೆರಡೂವರೆ ಕಿಲೋ ತೂಗುತ್ತದೆಯಾದ್ದರಿಂದ 4 × 2 × 2 ಅಡಿಯ ತೊಟ್ಟಿ 35 ಕಿಲೋ ದಾಟುತ್ತದೆ, ತೊಳೆಯಲು ಒಬ್ಬರೇ ಎತ್ತಲಾಗುವುದಿಲ್ಲ.

ಪ್ಲೈವುಡ್ ಬಿಸಿಯನ್ನು ಚೆನ್ನಾಗಿ ತಡೆಯುತ್ತದೆ, ಆದರೆ ನೀರನ್ನು ತಡೆಯುವುದಿಲ್ಲ. ಅಂಗಡಿಯೊಂದರಲ್ಲಿ ವಾಟರ್‌ಪ್ರೂಫ್ ಎಂದು ಹೇಳಿ ಕೊಟ್ಟ ಹಾಳೆಯಲ್ಲಿ ಮಾಡಿಸಿದ ನನ್ನ ಎರಡನೆಯ ಪೆಟ್ಟಿಗೆಯ ತಳ, ನೀರಿನ ಬಟ್ಟಲು ಇಟ್ಟಿದ್ದ ಮೂಲೆಯಲ್ಲಿ, ಒಂದು ವರ್ಷದೊಳಗೆ ಉಬ್ಬಿ ಪದರುಪದರಾಗಿ ಬಿಟ್ಟುಕೊಂಡಿತು. ಆ ಸಂದುಗಳಲ್ಲಿ ಹಾವಿನ ಮೈಗಂಟುವ ಉಣ್ಣೆಹುಳುಗಳು ಅಡಗಿದರೆ ತೊಳೆದು ತೆಗೆಯುವುದು ಕಷ್ಟ. ಮರವೇ ಬೇಕೆಂದಾದರೆ ಐಎಸ್ 710 (ನೀರು ತಡೆಯುವ ಪ್ಲೈನ ಭಾರತೀಯ ಮಾನಕ) ಗುರುತಿರುವ ಮೆರೈನ್ ಪ್ಲೈ ಕೇಳಿ ಪಡೆಯಿರಿ, ಅಂಚುಗಳಿಗೂ ಸೇರಿಸಿ ಒಳಮೈಗೆ ಎಪಾಕ್ಸಿ ಎಂಬ ನೀರು ತಡೆಯುವ ಲೇಪ ಬಳಿಸಿರಿ. ದೇವದಾರು ಮರ ಬೇಡವೇ ಬೇಡ, ಅದರ ಎಣ್ಣೆಯ ಆವಿ ಹಾವಿನ ಉಸಿರಾಟಕ್ಕೆ ಕೆಟ್ಟದ್ದು.

ಪಿವಿಸಿ ಫೋಮ್ ಬೋರ್ಡು ಎಂದರೆ ಈಗ ಅಡುಗೆಮನೆಯ ಕಪಾಟುಗಳಿಗೆ ಹಾಕುವ ಬಿಳಿ ಹಾಳೆ. ಒಳಗೆಲ್ಲ ಸಣ್ಣ ಗಾಳಿಗುಳ್ಳೆಗಳಿರುವುದರಿಂದ ಬಿಸಿ ನಿಧಾನವಾಗಿ ದಾಟುತ್ತದೆ. ನೀರು ಹೀರುವುದಿಲ್ಲ, ಗೆದ್ದಲು ಮುಟ್ಟುವುದಿಲ್ಲ. 18 ಮಿ.ಮೀ. ದಪ್ಪದ 8 × 4 ಅಡಿಯ ಒಂದು ಹಾಳೆಯನ್ನು ನಾಲ್ಕು ಸಮ ತುಂಡು ಮಾಡಿಸಿದರೆ ತಳ, ಮೇಲ್ಭಾಗ, ಹಿಂಬದಿ ಮೂರೂ ಆಗುತ್ತವೆ. ನಾಲ್ಕನೆಯದನ್ನು ಎರಡು ಮಾಡಿದರೆ ಎರಡು ಪಕ್ಕಗಳು. ಬೆಳೆದ ಬಾಲ್ ಪೈಥಾನಿಗೆ ಬೇಕಾದ 4 × 2 × 2 ಅಡಿಯ ಪೆಟ್ಟಿಗೆ ಒಂದೇ ಹಾಳೆಯಲ್ಲಿ ಮುಗಿಯುತ್ತದೆ. ಮುಂದೆ ಅಲ್ಯೂಮಿನಿಯಂ ಚಾನಲ್ಲಿನಲ್ಲಿ ಜಾರುವ ಎರಡು ಗಾಜುಗಳು, ಅವುಗಳಿಗೆ ತಪ್ಪದೆ ಒಂದು ಬೀಗ; ಹಾವು ಮೂತಿಯಿಂದ ತಳ್ಳಿ ಬೆರಳಗಲ ಸಂದು ಮಾಡಿಕೊಂಡರೂ ಸಾಕು, ತಪ್ಪಿಸಿಕೊಳ್ಳುತ್ತದೆ. ಗಾಳಿಗಾಗಿ ಒಂದು ಪಕ್ಕದ ಕೆಳಗೆ ಮತ್ತು ಎದುರು ಪಕ್ಕದ ಮೇಲೆ ಸಣ್ಣ ರಂಧ್ರಗಳ ಸಾಲು ಕೊರೆಸಿರಿ. ಬಡಗಿಗಳು ರೂಢಿಯಂತೆ ದೊಡ್ಡ ಜಾಲರಿ ಕಿಟಕಿ ಮಾಡಲು ಹೊರಟರೆ ಬೇಡವೆನ್ನಿ, ತೇವವೆಲ್ಲ ಅಲ್ಲಿಂದಲೇ ಹೋಗುತ್ತದೆ. ಸಂದುಗಳಿಗೆ ಮೀನುತೊಟ್ಟಿಗೆ ಬಳಸುವ ಸಿಲಿಕೋನ್ ಹಚ್ಚಿಸಿ, ಹುಳಿ ವಾಸನೆ ಪೂರ್ತಿ ಹೋಗುವವರೆಗೆ ತೆರೆದಿಡಿ. ಪಿವಿಸಿ ಸುಮಾರು 80 ಡಿಗ್ರಿಗೆ ಮೆತ್ತಗಾಗುತ್ತದೆಯಾದ್ದರಿಂದ ಚಳಿಗಾಲದಲ್ಲಿ ಹಾಕುವ ಸೆರಾಮಿಕ್ ಹೀಟರ್ ಹಾಳೆಗೆ ತಾಗದಂತಿರಲಿ, ಅದರ ಸುತ್ತ ತಂತಿಯ ಕವಚ ಮತ್ತು ಬಿಸಿಯನ್ನು ಹತೋಟಿಯಲ್ಲಿಡುವ ಒಂದು ಥರ್ಮೋಸ್ಟಾಟ್ ಕಡ್ಡಾಯವಾಗಿ ಇರಲಿ.

ಆದರೂ ಪೆಟ್ಟಿಗೆ ತಾನಾಗಿ ತಂಪು ಮಾಡುವುದಿಲ್ಲ. ಕೋಣೆ ಇಡೀ ದಿನ 39 ಡಿಗ್ರಿಯಲ್ಲಿದ್ದರೆ ಪಿವಿಸಿಯ ಒಳಗೂ ಸಂಜೆಯ ಹೊತ್ತಿಗೆ ಅಷ್ಟೇ ಆಗುತ್ತದೆ, 35 ದಾಟಿದ ಮೇಲೆ ಹಾವಿನ ಜೀವಕ್ಕೇ ಅಪಾಯ. ದಪ್ಪ ಗೋಡೆ ಕೊಡುವುದು ಕೆಲವು ಗಂಟೆಗಳ ಅವಕಾಶ ಮಾತ್ರ. ಮಧ್ಯಾಹ್ನ ಕರೆಂಟು ಹೋದಾಗ ಆ ಗಂಟೆಗಳೇ ದೊಡ್ಡವು. ಆದ್ದರಿಂದ ತಾರಸಿಯ ಕೆಳಗಿನ ಕೋಣೆ, ಪಡುವಣ ಗೋಡೆಯ ಪಕ್ಕ ಎರಡೂ ಬೇಡ. ನನ್ನ ಪೆಟ್ಟಿಗೆ ಈಗ ನೆಲಮಾಳಿಗೆಯಿಲ್ಲದ ನಮ್ಮ ಮನೆಯ ಕೆಳ ಅಂತಸ್ತಿನ ನಡುಮನೆಯಲ್ಲಿ, ಶಹಾಬಾದ್ ಕಲ್ಲಿನ ನೆಲಕ್ಕೆ ಹತ್ತಿರವಾಗಿ ಗಿಡ್ಡ ಸ್ಟ್ಯಾಂಡಿನ ಮೇಲಿದೆ, ಕೋಣೆಗೆ ಏರ್ ಕೂಲರ್ ಇದೆ. ತಂಪು ಬದಿಯಲ್ಲಿ ಕಡಪ ಕಲ್ಲಿನ ಒಂದು ತುಂಡನ್ನು ಹಾಸಿದ್ದೇನೆ; ಮೇ ತಿಂಗಳ ಮಧ್ಯಾಹ್ನಗಳಲ್ಲಿ ಹಾವು ಅದರ ಮೇಲೆ ಹೊಟ್ಟೆಯೊತ್ತಿ ಉದ್ದಕ್ಕೆ ಮಲಗಿರುತ್ತದೆ.

ಪೆಟ್ಟಿಗೆ ಸಿದ್ಧವಾದ ಮೇಲೆ ಹಾವನ್ನು ತರುವ ಮುನ್ನ ಒಂದು ವಾರ ಅದನ್ನು ಖಾಲಿ ಇಟ್ಟು, ಎರಡೂ ಬದಿಗೆ ಒಂದೊಂದು ಉಷ್ಣಮಾಪಕ ಹಾಕಿ, ಮಧ್ಯಾಹ್ನ ಮೂರಕ್ಕೂ ಬೆಳಗಿನ ಐದಕ್ಕೂ ಅಂಕಿಗಳನ್ನು ಬರೆದಿಡಿ. ಆ ಅಂಕಿಗಳನ್ನು ಇಲ್ಲಿ ಹಾಕಿದರೆ ರಂಧ್ರಗಳನ್ನು ಎಷ್ಟು ಮುಚ್ಚಬೇಕು, ಪೆಟ್ಟಿಗೆಯ ಜಾಗ ಬದಲಿಸಬೇಕೇ ಎಂಬುದನ್ನು ಹೇಳುತ್ತೇನೆ.